ತೊಳೆದಿಟ್ಟ ಕಲ್ಲು

ಫೆಸ್ಟಿ ಮ್ಯಾನಿಯನ್ ಬಾಗಿಲು ತೆರೆದಾಗ ಅವನ ಮುಖದ ಅರ್ಧಕ್ಕೆ ಮಾತ್ರ ಕ್ಷೌರವಾಗಿತ್ತು. ಇನ್ನರ್ಧದ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಹೊಸ್ತಿಲಾಚೆ ಅವನ ಅಣ್ಣನ ಹೆಂಡತಿ ಡೀಲಿಯಾ ನಿಂತಿದ್ದಳು. ಭಾನುವಾರದ ಕೋಟು, ಭಾನುವಾರದ ತಲೆವಸ್ತ್ರ, ಕಂಕುಳಲ್ಲಿ ಚಹಾಪುಡಿಯ ಖಾಲಿ ಡಬ್ಬಿ, ಜೇಬಿನಿಂದ ಇಣುಕುತ್ತಿದ್ದ ಹಿಡಿ ಸೊಟ್ಟಗಾದ ಒಂದು ಚಮಚ. ಯಾಕೆ ಬಂದಿದ್ದಾಳೆಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಫೆಸ್ಟಿ ಏನೂ ತಿಳಿಯದವನ ಮುಖ ಮಾಡಿದ. ಆ ಮುಖ ಮಾಡುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

"ಇವತ್ತು ಶನಿವಾರ," ಎಂದ.

"ಗೊತ್ತು. ನಾಳೆ ಭಾನುವಾರ. ಅದಕ್ಕೇ ಬಂದಿದ್ದು."

"ಮಳೆ ಬರೋ ಹಾಗಿದೆ, ಡೀಲಿಯಾ."

"ಈ ಊರಲ್ಲಿ ಮಳೆ ಬರೋ ಹಾಗಿಲ್ಲದ ದಿನ ಯಾವತ್ತು ನೋಡಿದ್ದೀಯಾ? ಉಳಿದರ್ಧ ಮುಖ ಕೆರೆದ್ಕೊಂಡು ಬಾ. ನಾನಿಲ್ಲೇ ನಿಂತಿರ್ತೀನಿ."

"ಒಳಗೆ ಬಂದು ಕೂತ್ಕೋಬಾರ್ದಾ?"

"ಒಳಗೆ ಬಂದ್ರೆ ನೀನು ಟೀ ಮಾಡ್ತೀಯ. ಟೀ ಮಾಡಿದ್ರೆ ನಿನ್ನ ಹಸುವಿನ ಪುರಾಣ ಶುರುವಾಗತ್ತೆ. ಅದು ಮುಗಿಯೋ ಹೊತ್ತಿಗೆ, ಇವತ್ತು ತಡವಾಯ್ತು ಇನ್ನೊಂದಿನ ಹೋಗೋಣ ಅಂತೀಯ. ಕೋಲ್ಮನ್ ಹೋದಾಗ್ಲಿಂದ ನೋಡ್ತಾ ಇದ್ದೀನಿ ನಿನ್ನ ಈ ಆಟಾನ."

ಆಟವೆಂಬುದು ನಿಜವೇ. ಕೋಲ್ಮನ್ ಎಂದರೆ ಅವಳ ಗಂಡ, ಫೆಸ್ಟಿಯ ಅಣ್ಣ. ಸಾಯುವ ವಾರ ಅವನಿಗೆ ಜ್ವರ ನೆತ್ತಿಗೇರಿ ಏನೇನೋ ಬಡಬಡಿಸುತ್ತಿದ್ದ. ಆದರೆ ಒಂದು ಬೆಳಗ್ಗೆ ಕಣ್ಣು ತಿಳಿಯಾಗಿ, ಹೆಂಡತಿಯ ಕಡೆ ತಿರುಗಿ, "ಆ ಮಗೂದು… ಫೆಸ್ಟಿಗೆ ಗೊತ್ತು," ಎಂದ. ಅಷ್ಟೇ. ಒಂದು ಇಡೀ ಸಂಸಾರದ ಕಾಲ ಬಾಯಿ ಬಿಡದಿದ್ದ ಮನುಷ್ಯ, ಬಿಟ್ಟಾಗ ಕೂಡ ಮಾತನ್ನು ತಮ್ಮನ ತಲೆಗೆ ಕಟ್ಟಿ ಹೋಗಿಬಿಟ್ಟ. ಡೀಲಿಯಾಳಿಗೆ ಆ ಹೊತ್ತು ಬಂದ ಸಿಟ್ಟು ಅವನನ್ನು ಮಣ್ಣು ಮಾಡಿ ಬಂದ ಮೇಲೂ ಇಳಿದಿರಲಿಲ್ಲ.

ಮಗು ಹುಟ್ಟಿದ್ದು ಮದುವೆಯಾದ ಮರುವರ್ಷ, ನವೆಂಬರಿನಲ್ಲಿ. ಹೆಣ್ಣು. ಉಸಿರಿರಲಿಲ್ಲವೋ, ಇದ್ದು ನಿಂತಿತೋ, ಅಂತೂ ಸೂಲಗಿತ್ತಿ ನೆತ್ತಿಯ ಮೇಲೆ ನೀರು ಹಾಕಿ ಎರಡಕ್ಷರದ ಹೆಸರು ಹೇಳುವಷ್ಟು ಹೊತ್ತೂ ಅದು ಕಾಯಲಿಲ್ಲ. ಜ್ಞಾನಸ್ನಾನವಾಗದ ಮಗುವಿಗೆ ಇಗರ್ಜಿಯ ನೆಲದಲ್ಲಿ ಜಾಗವಿಲ್ಲ, ಗಂಟೆ ಇಲ್ಲ, ಪ್ರಾರ್ಥನೆ ಇಲ್ಲ, ಹೆಸರೂ ಇಲ್ಲ. ಆಗಿನ ಪಾದ್ರಿ ಕೆಟ್ಟವನೇನಲ್ಲ. ಡೀಲಿಯಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಇದನ್ನೆಲ್ಲ ಹೇಳಿದ. ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ಒಂದು ಜಾಗವಿದೆಯಂತೆ, ಅಲ್ಲಿ ನೋವಿಲ್ಲವಂತೆ, ದೇವರ ಮುಖ ಮಾತ್ರ ಕಾಣುವುದಿಲ್ಲವಂತೆ. ತಾಯಿಯ ಮುಖ ಕಾಣುತ್ತದೆಯೇ ಎಂದು ಕೇಳಬೇಕೆನಿಸಿತ್ತು ಅವಳಿಗೆ. ಕೇಳಲು ಧೈರ್ಯವಾಗಲಿಲ್ಲ.

ಅಂಥ ಮಕ್ಕಳೆಲ್ಲ ಹೋಗುತ್ತಿದ್ದುದು ಲಿಶೀನಿಗೆ. ಊರಾಚೆಯ ಆ ಹಸಿರು ದಿಬ್ಬದ ಹೊಟ್ಟೆಯಲ್ಲಿ ಯೇಸು ಹುಟ್ಟುವುದಕ್ಕೂ ಮೊದಲಿನ ಯಾವನೋ ರಾಜ ಕಲ್ಲಿನ ಕೋಣೆಯಲ್ಲಿ ಮಲಗಿದ್ದಾನೆ. ಅವನ ಸುತ್ತ ಇಳಿಜಾರಿನಲ್ಲಿ ಊರಿನ ಹೆಸರಿಲ್ಲದ ಮಕ್ಕಳು. ರಾಜನಿಗೂ ಜ್ಞಾನಸ್ನಾನವಾಗಿರಲಿಲ್ಲ, ಸರಿಹೋಯಿತು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿರಲಿಲ್ಲ. ಗಂಡಸರು ಮುಸ್ಸಂಜೆಗೆ ಪೆಟ್ಟಿಗೆಯನ್ನು ಕೋಟಿನಡಿ ಇಟ್ಟುಕೊಂಡು ಒಮ್ಮೆ ಹೋಗಿ ಬರುತ್ತಿದ್ದರು, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೋಲ್ಮನ್ ಕೂಡ ಹಾಗೇ ಹೋಗಿ ಬಂದವನು ಕೈ ತೊಳೆದ. ಡೀಲಿಯಾ ಹಾಸಿಗೆಯಿಂದಲೇ ಕೇಳಿದಳು.

"ಎಲ್ಲಿ?"

"ಲಿಶೀನಲ್ಲಿ."

"ಲಿಶೀನಲ್ಲಿ ಎಲ್ಲಿ?"

"ಮಲಕ್ಕೋ, ಡೀಲಿಯಾ."

ಆ ಮಗುವಿನ ಬಗ್ಗೆ ಗಂಡಹೆಂಡಿರು ಆಡಿದ ಮಾತೆಲ್ಲ ಅಷ್ಟೆ. ಆಮೇಲೆ ಅವಳ ಹೊಟ್ಟೆಯಲ್ಲಿ ಇನ್ನೊಂದು ನಿಲ್ಲಲಿಲ್ಲ. ಅಷ್ಟು ಹೇಳಿ ಹಾಲು ಕರೆಯಲು ಹೋದ ಕೋಲ್ಮನ್, ಆ ಸಂಜೆಯಿಂದ ಸಾಯುವ ತನಕ ಒಳ್ಳೆಯ ಗಂಡನಾಗಿಯೇ ಇದ್ದ.

ಈಗ ಕಾಲ ಬದಲಾಗಿತ್ತು. ಹೊಸದಾಗಿ ಬಂದ ಪಾದ್ರಿ ಫಾದರ್ ಟಿಯರ್ನನ್ ಹುಡುಗುಮುಖದವನು. ನೆಗಡಿಯಾದರೂ ಗಂಟಲು ಹರಿಯುವಂತೆ ಮಾತಾಡುತ್ತಾನೆ. ನಾಳಿನ ಭಾನುವಾರಕ್ಕೆ ಲಿಶೀನಿಗೆ ಬಿಷಪ್ಪರನ್ನೇ ಕರೆಸಿ ತೀರ್ಥ ಹಾಕಿಸುತ್ತೇನೆಂದು ಪೂಜೆಯಲ್ಲಿ ಹೇಳಿದ. ಅಷ್ಟಕ್ಕೇ ಬಿಡದೆ, ಯಾರಿಗೆ ಬೇಕೋ ಅವರು ತಮ್ಮ ಮಗು ಮಲಗಿರುವ ಜಾಗದಿಂದ ಒಂದು ಹಿಡಿ ಮಣ್ಣು ತರಬಹುದು, ಬಿಷಪ್ಪರು ಆಶೀರ್ವದಿಸಿಕೊಡುತ್ತಾರೆ, ಅದನ್ನು ಮನೆಯವರ ಸಮಾಧಿಗೆ ಸೇರಿಸಬಹುದು ಎಂದ. ಆ ಮಾತು ಕೇಳಿದಾಗ ಡೀಲಿಯಾ ಜಪಸರವನ್ನು ಬಿಗಿಯಾಗಿ ಹಿಡಿದಿದ್ದರಿಂದ ಅಂಗೈಯಲ್ಲಿ ಮಣಿಗಳ ಅಚ್ಚು ಬಿದ್ದಿತ್ತು. ಕೋಲ್ಮನ್ನನ ಸಮಾಧಿಯನ್ನು ಬೇಗನೆ ತನಗಾಗಿ ಇನ್ನೊಮ್ಮೆ ತೆರೆಯಬೇಕಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಗಾಲ್ವೆಯ ಆಸ್ಪತ್ರೆಯ ಡಾಕ್ಟರು ಎಲ್ಲ ಮಾತಾಡಿದ್ದರು, ಮುಂದಿನ ಕ್ರಿಸ್ಮಸ್ಸಿನ ಮಾತನ್ನು ಮಾತ್ರ ಎತ್ತಿರಲಿಲ್ಲ. ಅವಳಿಗೆ ಸಾಯುವ ಭಯ ಅಷ್ಟಾಗಿ ಇರಲಿಲ್ಲ. ಆದರೆ ಮಗುವಿನ ಒಂದು ಹಿಡಿ ಮಣ್ಣಾದರೂ ಪಕ್ಕದಲ್ಲಿಲ್ಲದೆ ಆ ಗುಂಡಿಯೊಳಗೆ ಇಳಿಯಲಾರೆ ಅನಿಸಿತ್ತು.

ಫೆಸ್ಟಿ ಕೊನೆಗೂ ಟೋಪಿ ಹಾಕಿಕೊಂಡು ಹೊರಗೆ ಬಂದ. ಕೆನ್ನೆಯ ಮೇಲೆ ಬ್ಲೇಡು ತಾಕಿದ ಕಡೆ ಪೇಪರಿನ ಚೂರು ಅಂಟಿಸಿಕೊಂಡಿದ್ದ.

"ದಿಬ್ಬದ ಮಣ್ಣೆಲ್ಲಾ ಒಂದೇ ಅಲ್ವೇನೇ?" ಎಂದ ದಾರಿಯಲ್ಲಿ. "ಗೇಟಿನ ಹತ್ರಾನೇ ಒಂದು ಹಿಡಿ ತುಂಬ್ಕೊಂಡು ಬಂದ್ರಾಯ್ತು. ಬಿಷಪ್ಪಿಗೇನು ಗೊತ್ತಾಗತ್ತೆ?"

"ಬೇರೆ ಯಾರದೋ ಮಗೂನ ತಂದು ನನ್ನ ಪಕ್ಕ ಮಲಗಿಸ್ಕೊಳ್ಳಾ? ಆಮೇಲೆ ಅದರ ತಾಯಿ ಬಂದು ಕೇಳಿದ್ರೆ ಏನಂತ ಹೇಳ್ಲಿ?"

"ಸತ್ತೋರು ಬಂದು ಕೇಳ್ತಾರಾ?"

"ನಾನಾಗಿದ್ರೆ ಬಂದು ಕೇಳ್ತಿದ್ದೆ."

ಅವಳು ಬಂದು ಕೇಳುವಂಥವಳೇ ಎಂದು ಫೆಸ್ಟಿಗೆ ಖಾತ್ರಿಯಿತ್ತು.

ಊರಿನ ಸಭಾಭವನದ ಅಂಗಳ ದಾಟುವಾಗ ಡೀಲಿಯಾ ಸ್ವಲ್ಪ ನಿಂತು ಉಸಿರು ತೆಗೆದುಕೊಂಡಳು. ನೀರಿನ ನಲ್ಲಿಯ ಕೆಳಗೆ ನೆಲ ಇನ್ನೂ ಹಸಿರುಗಟ್ಟಿತ್ತು. ಕಳೆದ ತಿಂಗಳು ಇಲ್ಲೇ ಹೆಂಗಸರೆಲ್ಲ ಕೂತು ಕಲ್ಲು ತೊಳೆದಿದ್ದರು. ಲಿಶೀನಿನ ಗೇಟಿನ ಹತ್ತಿರ ಆ ಮಕ್ಕಳ ನೆನಪಿನ ಗೋಡೆ ಕಟ್ಟಬೇಕೆಂದು ಕಮಿಟಿಯ ತೀರ್ಮಾನ. ಕಮಿಟಿ ಎಂದರೆ ಟ್ರೀಸಾ ಗೆರಾಟಿ. ಬೇರೆ ಸದಸ್ಯರೂ ಇದ್ದರು, ಕುರ್ಚಿ ಜೋಡಿಸುವುದಕ್ಕೆ. ಶಾಲೆಯಲ್ಲಿ ದೊಡ್ಡ ಟೀಚರಾಗಿದ್ದು ನಿವೃತ್ತಳಾದ ಟ್ರೀಸಾಗೆ ಇಡೀ ಊರು ಮೂರನೇ ಕ್ಲಾಸಿನಂತೆ ಕಾಣುತ್ತಿತ್ತು. ಟ್ರೈಲರಿನಲ್ಲಿ ಕಲ್ಲು ಬಂದು ಸುರಿದವು, ಬಕೆಟ್ಟು ಬಂತು, ಬ್ರಷ್ಷು ಬಂತು, ಟೀ ಬಂತು. ಪಾಚಿ ಕಟ್ಟಿ ಕಪ್ಪಾದ ಕಲ್ಲುಗಳು ಉಜ್ಜಿದಂತೆಲ್ಲ ಬೆಳ್ಳಗಾಗುತ್ತಿದ್ದವು. ಕಲ್ಲೇ ಬೆಳೆಯುವ ಊರಿನಲ್ಲಿ ಕಲ್ಲು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಡೀಲಿಯಾಳೂ ಕೇಳಲಿಲ್ಲ. ಅವಳು ಮನೆಯಿಂದ ತಂದ ಚಮಚದ ಹಿಡಿಯಿಂದ ಸಂದುಗೊಂದಿನ ಮಣ್ಣನ್ನೆಲ್ಲ ಕೆದಕಿ ಕೆದಕಿ ತೆಗೆದಿದ್ದಳು. ಹಿಡಿ ಸೊಟ್ಟಗಾಗಿದ್ದು ಆಗಲೇ. ಟ್ರೀಸಾ ಎಲ್ಲರಿಗೂ ಕೇಳುವಂತೆ, "ನೋಡ್ರೇ, ಕಲ್ಲು ತೊಳೆಯೋದು ಅಂದ್ರೆ ಹೀಗೆ! ಡೀಲಿಯಾನ ನೋಡಿ ಕಲೀರಿ!" ಎಂದಿದ್ದಳು. ಡೀಲಿಯಾಳಿಗೆ ಆ ಹೊಗಳಿಕೆ ಖುಷಿ ಕೊಟ್ಟಿತ್ತು. ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ ನಕ್ಕು ಮನೆಗೆ ಹೋಗಿದ್ದಳು.

ಓಣಿ ಮುಗಿದು ಹೊಲ ಶುರುವಾಯಿತು. ಕಲ್ಲಿನ ಬೇಲಿಯ ಮೇಲಿನ ಮೆಟ್ಟಿಲು ಹತ್ತಿಳಿಯುವಾಗ ಫೆಸ್ಟಿ ಕೈ ಕೊಟ್ಟ. ಇನ್ನೊಂದು ಕೈಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಹೆದರಿಕೆನಾ?"

"ನಿಂಗಿಲ್ವಾ?"

"ಅವರಿಗೆ ನಾನ್ಯಾಕೆ ಹೆದರ್ಲಿ? ನನ್ನ ಮಗೂನ ಇಷ್ಟು ವರ್ಷ ಸಾಕಿದ್ದಾರೆ."

'ಅವರು' ಎಂದರೆ ದಿಬ್ಬದೊಳಗೆ ವಾಸಿಸುವ ಕಣ್ಣಿಗೆ ಕಾಣದ ಜನ, ಆದರೆ ಈ ಸೀಮೆಯಲ್ಲಿ ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ. ದಿಬ್ಬದ ಮುಳ್ಳುಗಿಡ ಕಡಿದವನ ಕೈ ಸೇದಿಹೋದದ್ದು, ಅಲ್ಲಿಂದ ಚಪ್ಪಡಿ ಕದ್ದವನ ದನಗಳೆಲ್ಲ ಒಂದೇ ವಾರದಲ್ಲಿ ಬಿದ್ದದ್ದು, ಇವೆಲ್ಲ ನಂಬದವರೂ ನೆನಪಿಟ್ಟುಕೊಂಡಿರುವ ವಿಷಯಗಳು. ದಿಬ್ಬ ಕಣ್ಣಿಗೆ ಬಿದ್ದ ಕೂಡಲೇ ಫೆಸ್ಟಿ ಟೋಪಿ ತೆಗೆದ.

ಗೇಟಿನ ಪಕ್ಕ ಸರಕಾರದವರ ಹಲಗೆ. ರಾಜನ ಹೆಸರು, ಕಾಲ, ಕೋಣೆಯ ಅಳತೆ, ಕೊನೆಯಲ್ಲಿ ದಿಬ್ಬವನ್ನು ಅಗೆದರೆ ಶಿಕ್ಷೆ ಎಂಬ ಎಚ್ಚರಿಕೆ. ಬೇಸಿಗೆಯಲ್ಲಿ ಹೊರದೇಶದವರು ಬಂದು, ಟಾರ್ಚು ಹಿಡಿದು ಕೋಣೆಯೊಳಗೆ ತೆವಳಿ, ಮೊಣಕಾಲೆಲ್ಲ ಕೆಸರು ಮಾಡಿಕೊಂಡು ಸಂತೋಷವಾಗಿ ಹೊರಬರುತ್ತಾರೆ. ಹಲಗೆಯಾಚೆ ಹೊಸ ಗೋಡೆ ಎದ್ದಿತ್ತು. ಬಿಷಪ್ಪರು ಬಂದು ತೆರೆಯುವ ತನಕ ಯಾರೂ ನೋಡಬಾರದೆಂದು ಅದರ ಮೇಲೆ ನೀಲಿ ಪ್ಲಾಸ್ಟಿಕ್ಕು ಹೊದಿಸಿ ಹಗ್ಗ ಕಟ್ಟಿದ್ದರು. ಇಬ್ಬರೂ ಅದನ್ನು ದಾಟಿ ಮೇಲೆ ಹತ್ತಿದರು.

ಡೀಲಿಯಾ ಮೂರು ಕಡೆ ನಿಂತು ನಿಂತು ಹತ್ತಬೇಕಾಯಿತು. ಫೆಸ್ಟಿ ಮುಂದೆ ಹೋದವನು ರಾಜನ ಕೋಣೆಯ ಗಿಡ್ಡ ಬಾಗಿಲ ಹತ್ತಿರ ನಿಂತುಬಿಟ್ಟ. ಅವಳು ಏದುಸಿರು ಬಿಡುತ್ತ ಅವನ ಪಕ್ಕಕ್ಕೆ ಬಂದಾಗಲೂ ಅವನು ಅಲುಗಲಿಲ್ಲ.

"ಎಲ್ಲಿ, ತೋರ್ಸು."

"ಇರು."

"ಎಡಕ್ಕೋ ಬಲಕ್ಕೋ, ಅದನ್ನಾದ್ರೂ ಹೇಳು."

"ಇರೇ ಮಾರಾಯ್ತಿ, ಒಂಚೂರು ಇರು."

ಇಳಿಜಾರೆಲ್ಲ ಒಂದೇ ಸಮ ಹಸಿರಾಗಿತ್ತು. ಹುಲ್ಲನ್ನು ಮೆಷಿನ್ನಿನಿಂದ ಕತ್ತರಿಸಿ, ಪೊದೆ ಸವರಿ, ಫುಟ್‌ಬಾಲ್ ಮೈದಾನದ ಹಾಗೆ ನುಣ್ಣಗೆ ಮಾಡಿಟ್ಟಿದ್ದರು. ಒಂದು ಕಲ್ಲಿಲ್ಲ. ಒಂದು ಉಬ್ಬಿಲ್ಲ. ಬಾಳೆಲ್ಲ ಡೀಲಿಯಾ ಕಣ್ಣು ಮುಚ್ಚಿದಾಗ ಕಂಡಿದ್ದ ದಿಬ್ಬ ಇದಾಗಿರಲಿಲ್ಲ. ಆದರೆ ಅವಳು ಬಂದವಳೇ ಅಲ್ಲವಲ್ಲ, ಅವಳಿಗೇನು ಗೊತ್ತು? ಅವಳು ಫೆಸ್ಟಿಯ ಮುಖ ನೋಡಿದಳು. ಅವನ ಬಾಯಿ ತೆರೆದೇ ಇತ್ತು, ಕೆನ್ನೆಯ ಪೇಪರು ಚೂರು ಗಾಳಿಗೆ ಪಟಪಟ ಅನ್ನುತ್ತಿತ್ತು.

"ಕಲ್ಲುಗಳಿದ್ವು," ಎಂದ. "ತುಂಬ ಇದ್ವು. ಒಂದೊಂದು ಮಗೂಗೆ ಒಂದೊಂದು ಬಿಳೀ ಕಲ್ಲು. ಎಲ್ಲಾ ಎಲ್ಲಿ ಹೋದ್ವು?"

"ನಮ್ದು ಎಲ್ಲಿತ್ತು? ಬಾಗಿಲಿಂದ ಎಷ್ಟು ದೂರ? ಯೋಚ್ನೆ ಮಾಡಿ ಹೇಳು."

"ಮುಸ್ಸಂಜೆ ಆಗೋಗಿತ್ತು ಕಣೇ. ಮಂಜು ಬೇರೆ. ನಾನು ಲಾಟೀನು ಹಿಡಿದಿದ್ದೆ, ಕೋಲ್ಮನ್ ಅಗೀತಿದ್ದ, ನಾನು ಆ ಕಡೆ ಮುಖ ಮಾಡಿದ್ದೆ. ನನಗೆ ನೋಡಕ್ಕಾಗ್ಲಿಲ್ಲ. ಜಾಗ ನೆನಪಿಟ್ಕೊಳ್ಳೋದು ಯಾಕೆ, ಕಲ್ಲಿದೆಯಲ್ಲ ಅನ್ಕೊಂಡೆ. ಆ ಕಲ್ಲನ್ನ ನೂರರಲ್ಲಿಟ್ರೂ ಗುರುತು ಹಿಡೀತಿದ್ದೆ."

"ಹೇಗಿತ್ತು?"

ಫೆಸ್ಟಿ ಕೈಗಳನ್ನು ಒಂದು ದೊಡ್ಡ ರೊಟ್ಟಿಯಷ್ಟು ಅಗಲಿಸಿ ತೋರಿಸಿದ. "ಹಳ್ಳದಿಂದ ಅವನೇ ಎತ್ಕೊಂಡು ಬಂದಿದ್ದು. ನಡುವೆ ಒಂದು ಗುಳಿ, ಹೆಬ್ಬೆರಳಿಟ್ಟು ಒತ್ತಿದ ಹಾಗೆ, ಆಳವಾಗಿ. ಆ ಗುಳಿ ಮೇಲಕ್ಕೆ ಬರೋ ಹಾಗೆ ಇಟ್ಟ. ಯಾಕೋ ಹೀಗೆ ಅಂದೆ. ನಾವು ಅದರ ನೆತ್ತಿ ಮೇಲೆ ನೀರು ಹಾಕದಿದ್ರೆ ಹೋಗ್ಲಿ, ಮಳೆ ನೀರಾದ್ರೂ ಅದ್ರಲ್ಲಿ ನಿಂತ್ಕೊಳ್ಳಲಿ ಅಂದ."

ಡೀಲಿಯಾ ಅಲ್ಲೇ ಹುಲ್ಲಿನ ಮೇಲೆ ಕೂತಳು. ಗುಳಿ ಎಂದ ಕೂಡಲೇ ಅವಳ ಬಲಗೈಯ ಬೆರಳುಗಳಿಗೆ ಏನೋ ನೆನಪಾಗಿತ್ತು, ತಲೆಗೆ ಇನ್ನೂ ಹತ್ತಿರಲಿಲ್ಲ. ಕೋಲ್ಮನ್ ಹಾಗೆ ಹೇಳಿದ್ದ ಎನ್ನುವುದೊಂದೇ ತಲೆಯೊಳಗೆ ಸುತ್ತುತ್ತಿತ್ತು. ಎಂಥ ಮಾತನ್ನು ನುಂಗಿಕೊಂಡು ಬದುಕಿದ ಮಹಾರಾಯ! ಆ ರಾತ್ರಿ ಅದನ್ನು ಅವಳ ಹತ್ತಿರ ಆಡಿದ್ದರೆ ಅವನ ಗಂಟು ಏನು ಹೋಗುತ್ತಿತ್ತು?

ಕೆಳಗೆ ಗೇಟಿನ ಹತ್ತಿರ ಕಾರಿನ ಬಾಗಿಲು ಬಡಿದ ಸದ್ದಾಯಿತು. ಟ್ರೀಸಾ ಗೆರಾಟಿ ಡಿಕ್ಕಿಯಿಂದ ಮಡಚುವ ಕುರ್ಚಿಗಳನ್ನು ಎಳೆದು ಹಾಕುತ್ತಿದ್ದಳು. ಇವರನ್ನು ಕಂಡು ಕೈಬೀಸಿ, ಆ ವಯಸ್ಸಿನಲ್ಲೂ ದಾಪುಗಾಲು ಹಾಕುತ್ತ ಮೇಲೆ ಬಂದಳು.

"ಏನು, ನಮ್ಮ ಕೆಲಸ ತಪಾಸಣೆ ಮಾಡಕ್ಕೆ ಬಂದ್ರಾ? ನೋಡಿ, ನೋಡಿ, ಕಣ್ತುಂಬ ನೋಡಿ. ಹೇಗಿತ್ತು, ಹೇಗಾಯ್ತು! ಮುಳ್ಳು, ಪೊದೆ, ಕಾಲಿಟ್ಟಲ್ಲೆಲ್ಲ ಕಲ್ಲು. ಬಿಷಪ್ಪು ಎಡವಿ ಬಿದ್ದಿದ್ರೆ ನಾಳೆ ಇನ್ನೊಂದು ಗೋಡೆ ಕಟ್ಬೇಕಿತ್ತು."

"ಆ ಕಲ್ಲುಗಳನ್ನ ಏನು ಮಾಡಿದ್ರಿ, ಟೀಚರ್?" ಎಂದ ಫೆಸ್ಟಿ. ಅವನು ಅವಳ ವಿದ್ಯಾರ್ಥಿಯಲ್ಲ, ಅವಳಿಗಿಂತ ದೊಡ್ಡವನು. ಆದರೂ ಬಾಯಿಗೆ ಬಂದದ್ದು ಅದೇ.

"ಏನು ಮಾಡಿದ್ರಿ ಅಂದ್ರೆ? ಗೋಡೆಗೆ ಹಾಕಿದ್ವಿ. ಒಂದೂ ಬಿಟ್ಟಿಲ್ಲ. ಒಂದೊಂದು ಕಲ್ಲೂ ಒಂದೊಂದು ಮಗು ಫೆಸ್ಟಿ, ಚೆಲ್ಲಾಪಿಲ್ಲಿ ಬಿದ್ದಿದ್ವು ಪಾಪ, ಎಲ್ಲಾನೂ ಒಟ್ಟಿಗೆ ಸೇರಿಸಿದ್ವಿ. ಡೀಲಿಯಾನೇ ತೊಳೆದಿದ್ದಲ್ವಾ! ಅವಳು ತೊಳೆದ ಕಲ್ಲು ಎಲ್ಲಾಕ್ಕಿಂತ ಜಾಸ್ತಿ ಹೊಳೀತಿದೆ."

ಆಗ ಡೀಲಿಯಾಳ ತಲೆಗೂ ಹತ್ತಿತು. ಮಂಡಿಯ ಮೇಲೆ ಗೋಣಿ ಹಾಸಿಕೊಂಡು, ಅದರ ಮೇಲೆ ಆ ಕಲ್ಲನ್ನು ಅಂಗಾತ ಇಟ್ಟುಕೊಂಡಿದ್ದಳು. ಒಂದು ಕೈಯನ್ನು ಕೆಳಗೆ ಆನಿಸಿಕೊಂಡು, ಇನ್ನೊಂದು ಕೈಯಿಂದ ನೀರು ಸುರಿದಿದ್ದಳು. ಗುಳಿಯ ತಳದಲ್ಲಿ ಪಾಚಿ ಗಟ್ಟಿಯಾಗಿ ಹಿಡಿದಿತ್ತು, ಬ್ರಷ್ಷು ಹೋಗುತ್ತಿರಲಿಲ್ಲ, ಚಮಚದ ಹಿಡಿ ಸೊಟ್ಟಗಾಗಿದ್ದು ಅದರಲ್ಲೇ. ಪಕ್ಕದವಳು ಏನೋ ತಮಾಷೆ ಹೇಳಿದ್ದಳು, ಡೀಲಿಯಾ ನಗುತ್ತ ಆ ಕಲ್ಲನ್ನು ತೊಳೆದ ರಾಶಿಗೆ ಹಾಕಿ ಮುಂದಿನದನ್ನು ಎತ್ತಿಕೊಂಡಿದ್ದಳು.

"ನಮ್ಮನ್ನ ಒಂದು ಮಾತು ಕೇಳಬಾರ್ದಿತ್ತಾ?" ಎಂದಳು. ಸ್ವರ ತನ್ನದಲ್ಲವೆನಿಸಿತು.

"ಯಾರನ್ನ?"

"ನನ್ನ. ನನ್ನ ಮಗು ಇತ್ತು ಇಲ್ಲಿ. ಅದರ ಕಲ್ಲು ಅದು."

ಟ್ರೀಸಾಳ ಮುಖದ ಬಣ್ಣ ಇಳಿಯಿತು. ಅವಳು ಆ ಊರಿಗೆ ಟೀಚರಾಗಿ ಬರುವ ಹೊತ್ತಿಗೆ ಡೀಲಿಯಾಳ ಬಸಿರಿನ ಮಾತನ್ನು ಊರು ಮರೆತಾಗಿತ್ತು, ಅಥವಾ ಮರೆತವರಂತೆ ಇರುವುದನ್ನು ರೂಢಿ ಮಾಡಿಕೊಂಡಿತ್ತು.

"ನಿಂದಾ?" ಎಂದಳು. "ಡೀಲಿಯಾ, ನಿಂದೂ ಒಂದಿತ್ತಾ? ಅಯ್ಯೋ, ಹೇಳಬಾರ್ದಿತ್ತೇನೇ?"

"ಯಾರು ಕೇಳಿದ್ರು?"

"ಕೇಳಿದ್ವಲ್ಲೇ! ಪ್ರತಿ ಭಾನುವಾರ ಪೂಜೆ ಆದ್ಮೇಲೆ ನಾನೇ ಎದ್ದು ನಿಂತು ಕೇಳಿದೀನಿ. ಲಿಶೀನ್ ಶುಚಿ ಮಾಡ್ತೀವಿ, ಯಾರದ್ದಾದ್ರೂ ಇದ್ರೆ ಬಂದು ಮಾತಾಡಿ ಅಂತ. ಒಬ್ಬರು ಬಂದ್ರಾ? ಒಬ್ಬರು ತಲೆ ಎತ್ತಿದ್ರಾ? ನೀನು ಎರಡನೇ ಬೆಂಚಲ್ಲೇ ಕೂತಿದ್ದೆಯಲ್ಲ. ಈ ಫೆಸ್ಟಿ ಬಾಗಿಲ ಹತ್ರ ನಿಂತಿದ್ದ."

ಅದೂ ಸುಳ್ಳಲ್ಲ. ಟ್ರೀಸಾ ಕೇಳಿದಾಗ ಇಗರ್ಜಿಯ ತುಂಬ ಜನ ತಂತಮ್ಮ ಬೂಟುಗಳನ್ನು ನೋಡಿಕೊಂಡಿದ್ದರು. ಎದ್ದು ನಿಂತರೆ, ನಮ್ಮ ಮನೆಯಲ್ಲೂ ಅಂಥದೊಂದು ಆಗಿತ್ತು ಎಂದು ಊರೆದುರು ಒಪ್ಪಿಕೊಂಡಂತೆ. ಡೀಲಿಯಾಳೂ ಬೂಟು ನೋಡಿಕೊಂಡಿದ್ದಳು. ಶುಚಿ ಎಂದರೆ ಹುಲ್ಲು ಕೊಯ್ಯುತ್ತಾರೆ, ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು. ತೊಳೆಯಲು ಕೂತ ಹೆಂಗಸರಲ್ಲಿ ಇನ್ನೆಷ್ಟು ಜನ ತಂತಮ್ಮ ಕಲ್ಲನ್ನು ತಾವೇ ಉಜ್ಜಿ ಕೊಟ್ಟರೋ, ಯಾರಿಗೆ ಗೊತ್ತು. ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಟ್ರೀಸಾಳ ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ನೋಡುವುದೂ ಒಂದು ಹಿಂಸೆಯಾಗಿತ್ತು.

"ಫೋಟೋ ತೆಗೆದಿದ್ರಾ, ಎತ್ತೋ ಮೊದಲು? ಎಲ್ಲೆಲ್ಲಿ ಯಾವುದಿತ್ತು ಅಂತ ಗುರುತು ಹಾಕ್ಕೊಂಡಿದ್ರಾ?" ಎಂದು ಫೆಸ್ಟಿ ಕೇಳಿದ.

ಟ್ರೀಸಾ ಇಲ್ಲವೆಂದು ತಲೆಯಾಡಿಸಿದಳು. ಹುಡುಗರು ಎತ್ತಿ ಎತ್ತಿ ಟ್ರೈಲರಿಗೆ ಹಾಕಿದರಂತೆ. ದಿಬ್ಬವನ್ನು ಅಗೆಯಬಾರದೆಂದು ಕಾನೂನಿದೆ, ಅಗೆಯಲಿಲ್ಲ, ಒಂದು ಗುದ್ದಲಿ ತಾಗಿಸಲಿಲ್ಲ, ರಾಜನ ಒಂದು ಕಲ್ಲನ್ನೂ ಮುಟ್ಟಲಿಲ್ಲವಂತೆ. ಅದನ್ನು ಎರಡೆರಡು ಸಲ ಹೇಳಿದಳು. ಆಮೇಲೆ ಡೀಲಿಯಾಳ ಭುಜ ಮುಟ್ಟಲು ಕೈ ಚಾಚಿ, ಮುಟ್ಟದೆ, ಕುರ್ಚಿಗಳ ಕಡೆಗೆ ಇಳಿದುಹೋದಳು.

ಫೆಸ್ಟಿ ಇಳಿಜಾರಿನಲ್ಲಿ ಆ ಕಡೆ ಈ ಕಡೆ ಓಡಾಡಿದ. ಬಾಗಿಲಿಗೆ ಬೆನ್ನು ಹಾಕಿ ನಿಂತ, ಲಾಟೀನು ಹಿಡಿದವನಂತೆ ಕೈ ಎತ್ತಿ ನೋಡಿದ, ಕಣ್ಣು ಮುಚ್ಚಿ ನೋಡಿದ. ಒಮ್ಮೆ ಮಂಡಿಯೂರಿ ಹುಲ್ಲಿನ ಮೇಲೆ ಅಂಗೈ ಸವರಿದ. ಕೊನೆಗೆ ಒಂದು ಮುಳ್ಳುಗಿಡದ ಹತ್ತಿರ ನಿಂತು ಕೂಗಿದ.

"ಇಲ್ಲಿ! ಬಾ ಡೀಲಿಯಾ, ನೆನಪಾಯ್ತು. ಈ ಗಿಡದ ಬುಡದಲ್ಲೇ. ಆಣೆ ಮಾಡಿ ಹೇಳ್ತೀನಿ. ಡಬ್ಬಿ ತಗೊಂಡು ಬಾ."

ಡೀಲಿಯಾ ಎದ್ದು ಹೋದಳು. ಒಂದು ಕ್ಷಣ, ಒಂದೇ ಕ್ಷಣ, ಅವಳೂ ನಂಬಿದಳು. ಡಬ್ಬಿಯ ಮುಚ್ಚಳ ತೆಗೆದು, ಚಮಚ ಕೈಗೆತ್ತಿಕೊಂಡು ಬಗ್ಗಿದಳು. ಬಗ್ಗಿದಾಗ ಗಿಡದ ಕಾಂಡ ಕಣ್ಣೆದುರಿಗೇ ಬಂತು. ಅವಳ ಮಣಿಕಟ್ಟಿನಷ್ಟೂ ದಪ್ಪವಿರಲಿಲ್ಲ.

"ಫೆಸ್ಟಿ, ಈ ಗಿಡಕ್ಕೆ ನಿನ್ನ ಹಸುಗಿಂತ ಕಮ್ಮಿ ವಯಸ್ಸು ಕಣೋ."

ಫೆಸ್ಟಿ ಟೋಪಿಯನ್ನು ಎರಡೂ ಕೈಗಳಲ್ಲಿ ಹಿಂಡಿದ.

"ತಗೊಂಡ್ಬಿಡೇ," ಎಂದ. "ದಯವಿಟ್ಟು ತಗೊಂಡ್ಬಿಡು. ಇಲ್ಲೇ ಅಂತ ಅಂದ್ಕೋ. ನಾನೂ ಹಾಗೇ ಅಂದ್ಕೋತೀನಿ. ಇನ್ಯಾರು ಬರ್ತಾರೆ ಅಲ್ಲ ಅನ್ನಕ್ಕೆ?"

"ನಂಗೆ ಗೊತ್ತಲ್ವಾ?"

ಅವಳು ಮುಚ್ಚಳ ಹಾಕಿದಳು. ಫೆಸ್ಟಿ ಅಳುತ್ತಿದ್ದ, ಮುದುಕರು ಅಳುವ ಹಾಗೆ, ಸದ್ದಿಲ್ಲದೆ, ಮೂಗಿನಲ್ಲಿ. ಅವಳಿಗೆ ಬೈಯಬೇಕೆನಿಸಿತು, ಕೋಲ್ಮನ್ ತೀರಿಹೋದ ವಾರವೇ ಕರೆದುಕೊಂಡು ಬಂದಿದ್ದರೆ ಕಲ್ಲೂ ಇತ್ತು, ಜಾಗವೂ ಇತ್ತು. ಆದರೆ ಅವನೂ ಆ ಸಂಜೆ ಮುಖ ತಿರುಗಿಸಿಕೊಂಡಾಗ ಇನ್ನೂ ಮೀಸೆ ಮೂಡದ ಹುಡುಗ. ಅವಳು ಅವನ ಕೆನ್ನೆಯ ಪೇಪರು ಚೂರನ್ನು ಕಿತ್ತು ಎಸೆದು, "ನಡಿ, ಕೆಳಗೆ ಹೋಗೋಣ," ಎಂದಳು.

ಗೇಟಿನ ಹತ್ತಿರ ಟ್ರೀಸಾ ಇರಲಿಲ್ಲ. ಕುರ್ಚಿಗಳು ಸಾಲಾಗಿ ನಿಂತಿದ್ದವು, ಮುಂದಿನ ಸಾಲಿನ ನಡುವಿನದಕ್ಕೆ ಕೆಂಪು ಮೆತ್ತೆ. ನೀಲಿ ಪ್ಲಾಸ್ಟಿಕ್ಕಿನ ಹಗ್ಗವನ್ನು ಬಿಚ್ಚಲು ಡೀಲಿಯಾಳ ಬೆರಳುಗಳಿಗೆ ಶಕ್ತಿ ಸಾಲಲಿಲ್ಲ, ಫೆಸ್ಟಿ ಚಾಕುವಿನಿಂದ ಕುಯ್ದ. ಬಿಷಪ್ಪರು ನಾಳೆ ತೆರೆಯಬೇಕಾದ್ದು ಇವತ್ತೇ ತೆರೆದುಕೊಂಡಿತು.

ಗೋಡೆ ಚೆನ್ನಾಗಿಯೇ ಇತ್ತು. ಅದನ್ನು ಒಪ್ಪಲೇಬೇಕು. ಕಟ್ಟಿದವನು ಕೆಲಸ ಬಲ್ಲವನು. ಬಿಳಿ ಕಲ್ಲುಗಳ ಸಂದಿಗೆಲ್ಲ ಸಿಮೆಂಟು ತುಂಬಿ ಮಟ್ಟ ಮಾಡಿದ್ದ. ನಡುವೆ ಕಪ್ಪು ಫಲಕ, ಅದರಲ್ಲಿ ಬಂಗಾರದ ಬಣ್ಣದ ಅಕ್ಷರ: ನಮ್ಮ ಪುಟ್ಟ ಕಂದಮ್ಮಗಳ ನೆನಪಿಗೆ. ಡೀಲಿಯಾ ಅದನ್ನು ಓದುವುದಕ್ಕೆ ಹೋಗಲಿಲ್ಲ. ಗೋಡೆಯ ಒಂದು ತುದಿಯಿಂದ ಕಲ್ಲು ಕಲ್ಲಿನ ಮೇಲೂ ಕೈಯಿಡುತ್ತ ಬಂದಳು. ಫೆಸ್ಟಿ ಇನ್ನೊಂದು ತುದಿಯಿಂದ ಬಂದ. ಮಳೆ ಹನಿಯತೊಡಗಿತು.

"ಇಲ್ಲಿದೆ," ಎಂದ ಫೆಸ್ಟಿ. ಈ ಸಲ ಸುಳ್ಳಾಗಿರಲಿಲ್ಲ.

ಕೆಳಗಿನ ಸಾಲಿನಲ್ಲಿ, ಮೂಲೆಗೆ ಹತ್ತಿರ. ರೊಟ್ಟಿಯಷ್ಟು ದೊಡ್ಡದು. ಗುಳಿ ಮೇಲಕ್ಕಿರಲಿಲ್ಲ, ಹೊರಮುಖವಾಗಿ ಪಕ್ಕಕ್ಕೆ ತಿರುಗಿತ್ತು. ಮಳೆ ಅದರ ಮೇಲೆ ಬಿದ್ದು ಹಾಗೇ ಜಾರಿ ಇಳಿಯುತ್ತಿತ್ತು, ಒಂದು ಹನಿಯೂ ನಿಲ್ಲುತ್ತಿರಲಿಲ್ಲ. ಡೀಲಿಯಾ ಮಂಡಿಯೂರಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಅಲುಗಿಸಿದಳು. ಸಿಮೆಂಟು ಬಿಗಿದಿತ್ತು. ಬಿಗಿಯದಿದ್ದರೂ ತಾನೇ ಏನು? ಕಲ್ಲು ಸಿಕ್ಕಿದರೆ ಜಾಗ ಸಿಕ್ಕಿದಂತಾಗಲಿಲ್ಲವಲ್ಲ.

ಆಮೇಲೆ ಅವಳಿಗೆ ಒಂದು ಯೋಚನೆ ಬಂತು. ಆ ಗುಳಿಯಲ್ಲಿ ಇಷ್ಟು ಕಾಲ ಕೂತ ಮಣ್ಣು ಆ ಜಾಗದ ಮಣ್ಣೇ. ಅಲ್ಲಿನ ಧೂಳು, ಅಲ್ಲಿನ ಪಾಚಿ. ಹಿಡಿಯಷ್ಟು ಬೇಡ, ಚಿಟಿಕೆಯೂ ಬೇಡ. ಉಗುರಿನಡಿ ಸಿಕ್ಕುವಷ್ಟಿದ್ದರೂ ಡಬ್ಬಿಯಲ್ಲಿ ಹಾಕಿ ಬಿಷಪ್ಪರ ಮುಂದೆ ಹಿಡಿಯಬಹುದು. ಅವಳು ಚಮಚ ತಿರುಗಿಸಿ, ಸೊಟ್ಟಗಾದ ಹಿಡಿಯನ್ನು ಗುಳಿಯೊಳಗೆ ತೂರಿಸಿದಳು. ಹಿಡಿ ಅದರ ತಳಕ್ಕೆ ಸರಿಯಾಗಿ ಕೂತಿತು. ಅದನ್ನು ಕೆರೆಯುತ್ತಲೇ ಸೊಟ್ಟಗಾದದ್ದಲ್ಲವೆ. ಬುಡದಲ್ಲಿ ಕೆರೆದಳು, ಅಂಚಿನಲ್ಲಿ ಕೆರೆದಳು. ಚಮಚ ಬಿಟ್ಟು ಕಿರುಬೆರಳು ಹಾಕಿ ಸವರಿದಳು. ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು.

"ಸಿಕ್ತಾ?" ಎಂದ ಫೆಸ್ಟಿ, ಹಿಂದಿನಿಂದ.

"ಇಲ್ಲ," ಎಂದಳು ಡೀಲಿಯಾ. "ಚೆನ್ನಾಗಿ ತೊಳೆದಿದ್ದೀನಿ."